ಮೊದಲು ಅಂಕಿ ಓದಿ

ಕೇಳುಗರಿಗೆ ನಮಸ್ಕಾರ.

"ಗುಜರಿ ಬಜಾರಿನಲ್ಲಿ ಏನೋ ಸಿಕ್ಕಿತು, ಜೊತೆಗೆ ಯಾವುದೋ ಭಾಷೆಯ ಚೀಟಿ ಇದೆ, ಏನು ಸಾರ್ ಇದು?" ನನ್ನನ್ನು ಕಂಡವರೆಲ್ಲ ಕೇಳುವುದು ಇದನ್ನೇ. ನನ್ನ ಉತ್ತರವೂ ಒಂದೇ. ಅಕ್ಷರ ಆಮೇಲೆ, ಮೊದಲು ಅಂಕಿ ಓದಿ.

ನಮ್ಮ ಬೀದಿಯ ಹುಡುಗನೊಬ್ಬ, ಇಂಜಿನಿಯರಿಂಗ್ ಓದುವವನು, ಒಂದು ಭಾನುವಾರ ಅವೆನ್ಯೂ ರಸ್ತೆಯ ಕಡೆಯಿಂದ ಉದ್ದನೆಯ ಚರ್ಮದ ಚೀಲ ಹಿಡಿದು ಬಂದ. ಇನ್ನೂರು ರೂಪಾಯಿ ಕೊಟ್ಟಿದ್ದ. ಒಳಗೆ ಅಡಿಪಟ್ಟಿಯಂಥದ್ದು, ಆದರೆ ನಡುವಿನ ಪಟ್ಟಿ ಜಾರುತ್ತದೆ, ಮೇಲೊಂದು ಗಾಜಿನ ತುಂಡು ಓಡಾಡುತ್ತದೆ. ಜೊತೆಗೆ ಪೆನ್ಸಿಲಿನಲ್ಲಿ ಬರೆದ ಮಡಿಚಿದ ಕಾಗದ. ಮಾರಿದವನು ಬ್ರಿಟಿಷ್ ಮಿಲಿಟರಿ ಸಾಮಾನು ಅಂದಿದ್ದನಂತೆ. ಇವನು ಕಾಗದಕ್ಕೆ ಫೋನ್ ಹಿಡಿದ. ಫೋನು "ಚಳಿಗಾಲದ ಮೀನು" ಅಂತೇನೋ ಹೇಳಿತು. "ಅಂಕಲ್, ಗೂಢಚಾರರದ್ದು ಇರಬೇಕು. 36 ಅಂತಿದೆ, 1936!"

ಅಯ್ಯೋ ಮಾರಾಯ, ಪಟ್ಟಿ ನೋಡು ಅಂದೆ. ಒಂದರಿಂದ ಎರಡಕ್ಕೆ ಏಳೂವರೆ ಸೆಂಟಿಮೀಟರ್ ಅಂತರ. ಒಂಬತ್ತರಿಂದ ಹತ್ತಕ್ಕೆ ಒಂದು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಹೀಗೆ ಅಂಕಿಗಳು ಹೋಗ್ತಾ ಹೋಗ್ತಾ ಒತ್ತಿಕೊಂಡರೆ ಅದು ಸ್ಲೈಡ್ ರೂಲ್. ಕ್ಯಾಲ್ಕ್ಯುಲೇಟರ್ ಬರುವ ಮುಂಚೆ ಇಂಜಿನಿಯರುಗಳು ಗುಣಾಕಾರ, ಭಾಗಾಕಾರ ಮಾಡುತ್ತಿದ್ದದ್ದು ಇದರಲ್ಲೇ. ಇದು ಜಪಾನಿನ ಹೆಮ್ಮಿ ಕಂಪನಿಯದು: ಒಳಗೆ ಬಿದಿರು, ಮೇಲೆ ಬಿಳಿ ಸೆಲ್ಯುಲಾಯ್ಡ್. ಮೂಲೆಯಲ್ಲಿ ಚಿಕ್ಕದಾಗಿ 'ಎಲ್ ಬಿ' ಅಂತ ಒತ್ತಿತ್ತು. ಹೆಮ್ಮಿಯವರ ಲೆಕ್ಕದಲ್ಲಿ ಮೊದಲ ಅಕ್ಷರ ವರ್ಷ, 'ಎ' ಅಂದರೆ 1950, ಎರಡನೆಯದು ತಿಂಗಳು. ಬೆರಳು ಮಡಚಿ ಎಣಿಸಿ. 1961, ಫೆಬ್ರವರಿ.

ಹಾಗಾದರೆ ಕಾಗದದ 36? ಅದು ಜಪಾನಿನ ಷೋವಾ ಶಕೆ. ನಮ್ಮಲ್ಲಿ ಶಾಲಿವಾಹನ ಶಕೆ ಇಲ್ಲವೇ, ಹಾಗೆ. ಇಪ್ಪತ್ತೈದು ಕೂಡಿಸಿದರೆ 61! ಪಕ್ಕದಲ್ಲಿ 9, ಆಮೇಲೆ 12. ಅಡ್ಡಪಟ್ಟಿ ಹೊಡೆದ ಕಿಟಕಿಯಂಥ ಅಕ್ಷರ 'ದಿನ', ಅಂಥದ್ದೇ ಕಿಟಕಿಗೆ ಕಾಲು ಬಂದರೆ 'ತಿಂಗಳು'. ಸೆಪ್ಟೆಂಬರ್ 12. ಜಪಾನೀ ಭಾಷೆಯಲ್ಲಿ ನನಗೆ ಬರುವುದು ಇಷ್ಟೇ, ಇಷ್ಟು ಸಾಕಾಯಿತು.

ಕೆಳಗೆ ಮೂರು ಸಾಲಾಗಿ ಅಂಕಿ. 46, 83, 3820. ಹುಡುಗ ಫೋನಲ್ಲಿ ಗುಣಿಸಿ, "ತಪ್ಪು ಅಂಕಲ್, 3818" ಅಂದ. ಖುಷಿಯಿಂದ ಮೇಜು ಕುಟ್ಟಿದೆ. ಸ್ಲೈಡ್ ರೂಲಿನಲ್ಲಿ ಕಣ್ಣಿಗೆ ಸಿಗುವುದು ಮೂರು ಅಂಕಿ, ನಾಲ್ಕನೆಯದು ಅಂದಾಜು! ಗೂಢಚಾರನೂ ಇಲ್ಲ, ಮೀನೂ ಇಲ್ಲ. ಯಾರೋ ಹೊಸ ಪಟ್ಟಿ ತಗೊಂಡು ಲೆಕ್ಕ ಕಲಿಯುತ್ತಿದ್ದಾರೆ.

ಹುಡುಗ ಬಿಡಲಿಲ್ಲ. 1961ರಲ್ಲೇ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದದ್ದು, ಜಪಾನಿನ ಸಿಟಿಜನ್ ಜೊತೆ. ಅವರೇ ತಂದಿರಬೇಕು ಅಂದ. ಕೇಳಲು ಚೆನ್ನಾಗಿದೆಯಪ್ಪ. ಪಟ್ಟಿ ಹಾಗೆ ಹೇಳುತ್ತಿಲ್ಲವಲ್ಲ!

ಗಾಜಿನಾಚೆ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಹಳೆ ಕ್ಯಾಮೆರಾ ಮೇಲೆ 'ಸಿಸಿಸಿಪಿ' ಕಂಡರೆ ಅದು ಕಂಪನಿ ಹೆಸರಲ್ಲ, ರಷ್ಯನ್ ಲಿಪಿಯಲ್ಲಿ ಸೋವಿಯತ್ ಒಕ್ಕೂಟ. ಮಂಗಳೂರು ಕಡೆ ಹಳೆ ಜರ್ಮನ್ ಕೈಬರಹ ಸಿಕ್ಕೀತು, ಬಾಸೆಲ್ ಮಿಷನ್‌ನವರು 1834ರಲ್ಲೇ ಬಂದರಲ್ಲ. ಅದರಲ್ಲಿ 'ಇ' ಅಕ್ಷರ 'ಎನ್' ಥರ ಕಾಣುತ್ತದೆ, ಇವತ್ತಿನ ಜರ್ಮನರೂ ತಡವರಿಸುತ್ತಾರೆ. ಅಂಕಿಗೆ ಆ ತಾಪತ್ರಯವಿಲ್ಲ. ಹಿತ್ತಾಳೆ ಸಾಮಾನಾದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಮೊದಲು ಸವೆಯುವುದೇ ಅಂಕಿ.

ಆ ಪಟ್ಟಿ ಐನೂರಕ್ಕೆ ಕೊಡ್ತೀಯಾ ಅಂತ ಹುಡುಗನನ್ನು ಕೇಳಿದೆ. ಕೊಡಲಿಲ್ಲ. ನಮಸ್ಕಾರ.