ಯಂತ್ರವೂ ಮೋಸ ಹೋಗುತ್ತದೆಯೆ?

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಚಿತ್ರ ತೋರಿಸಲು ಬರುವುದಿಲ್ಲ. ಇಂದಿನ ಮಾತಿಗೋ ಒಂದು ಚಿತ್ರ ಬೇಕೇ ಬೇಕು. ಹಾಗಾಗಿ ಅದನ್ನು ನೀವೇ ಮಾಡಿಕೊಳ್ಳಬೇಕು. ಹಳೆಯ ಪತ್ರಿಕೆಯಿಂದ ಯಾರದಾದರೂ ದೊಡ್ಡ ನಗುಮುಖವನ್ನು ಕತ್ತರಿಸಿಕೊಳ್ಳಿ. ಚುನಾವಣೆಯ ಕಾಲದ ಪತ್ರಿಕೆಯಾದರೆ ಅಂಥ ಮುಖಗಳಿಗೆ ಬರವಿಲ್ಲ. ಎರಡು ಕಣ್ಣುಗಳನ್ನೂ ಬಾಯಿಯನ್ನೂ ಚೌಕವಾಗಿ ಕತ್ತರಿಸಿ ತೆಗೆದು, ತಲೆಕೆಳಗು ಮಾಡಿ, ಅದದೇ ಜಾಗದಲ್ಲಿ ಅಂಟಿಸಿ. ಈಗ ಇಡೀ ಹಾಳೆಯನ್ನು ಬುಡಮೇಲಾಗಿ ಹಿಡಿದು ನೋಡಿ. ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ, ಅದೇ ನಗುಮುಖ. ಹಾಳೆಯನ್ನು ನೆಟ್ಟಗೆ ತಿರುಗಿಸಿ. ಚಿಕ್ಕ ಮಕ್ಕಳು ಹತ್ತಿರವಿದ್ದರೆ ಮಾತ್ರ ಬೇಡ, ಹೆದರಿಯಾರು.

ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ 1980ರಲ್ಲಿ ಇದನ್ನು ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಫೋಟೋದ ಮೇಲೆ ಮಾಡಿ ತೋರಿಸಿದರು. ಅಂದಿನಿಂದ ಇದಕ್ಕೆ ಥ್ಯಾಚರ್ ಭ್ರಮೆ ಎಂದೇ ಹೆಸರು. ನಾವು ಹುಟ್ಟಿದಾಗಿನಿಂದ ನೋಡಿರುವುದು ನೆಟ್ಟಗಿರುವ ಮುಖಗಳನ್ನೇ. ಕಣ್ಣು, ಮೂಗು, ಬಾಯಿ ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ ಎಂದು ಅಳೆಯುವ ಮೆದುಳಿನ ಜಾಣ್ಮೆ ಮುಖ ತಲೆಕೆಳಗಾದೊಡನೆ ಕೈಕೊಡುತ್ತದೆ.

ಈ ಆಟಕ್ಕೂ ಕೃತಕ ಬುದ್ಧಿಮತ್ತೆಗೂ ಏನು ಸಂಬಂಧ? ಕಂಪ್ಯೂಟರು ಇಂದು ಫೋಟೋದಲ್ಲಿರುವುದು ನಾಯಿಯೋ ಬೆಕ್ಕೋ ಎಂದು ಥಟ್ಟನೆ ಹೇಳುತ್ತದೆ. ಹೇಳಿದ ಮಾತ್ರಕ್ಕೆ ಅದು ನಮ್ಮಂತೆಯೇ ನೋಡುತ್ತಿದೆ ಎನ್ನಬಹುದೆ? ಪರೀಕ್ಷೆಯಲ್ಲಿ ಇಬ್ಬರು ಹುಡುಗರು ಒಂದೇ ಸರಿ ಉತ್ತರ ಬರೆದರೆ ಮೇಷ್ಟರು ಅನುಮಾನಿಸುವುದಿಲ್ಲ. ಇಬ್ಬರದೂ ಒಂದೇ ತಪ್ಪಾಗಿದ್ದರೆ ಮಾತ್ರ ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡುತ್ತಾರೆ. ಯಂತ್ರದ ವಿಚಾರದಲ್ಲಿ ನಾನು ಆ ಮೇಷ್ಟರ ಪಕ್ಷ.

ಯಂತ್ರದ ಕಣ್ಣಿನ ಮೂಲ ಇರುವುದು ಬೆಕ್ಕಿನ ಮೆದುಳಿನಲ್ಲಿ. 1950ರ ದಶಕದ ಕೊನೆ, ಅಮೆರಿಕದ ಬಾಲ್ಟಿಮೋರ್ ನಗರ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸಲ್ ಎಂಬ ವಿಜ್ಞಾನಿಗಳು ಅರಿವಳಿಕೆ ಕೊಟ್ಟ ಬೆಕ್ಕಿನ ಮೆದುಳಿನ ಹಿಂಭಾಗಕ್ಕೆ ಸೂಕ್ಷ್ಮ ತಂತಿಯೊಂದನ್ನು ಇಳಿಸಿ, ಒಂದೊಂದೇ ನರಕೋಶದ ವಿದ್ಯುತ್ ಮಿಡಿತವನ್ನು ಧ್ವನಿವರ್ಧಕದಲ್ಲಿ ಕೇಳುತ್ತಿದ್ದರು. ಬೆಕ್ಕಿನ ಎದುರಿನ ಪರದೆಯ ಮೇಲೆ ಕಪ್ಪು ಚುಕ್ಕೆ, ಬಿಳಿ ಚುಕ್ಕೆ ಏನು ತೋರಿಸಿದರೂ ಕೋಶ ಜಪ್ಪಯ್ಯ ಎನ್ನಲಿಲ್ಲ. ಹೀಗಿರುವಾಗ ಒಮ್ಮೆ ಗಾಜಿನ ಸ್ಲೈಡನ್ನು ಯಂತ್ರದೊಳಗೆ ತೂರಿಸುತ್ತಿದ್ದಂತೆ ಧ್ವನಿವರ್ಧಕ ಮೆಷಿನ್ ಗನ್ನಿನಂತೆ ಪಟಪಟನೆ ಸಿಡಿಯತೊಡಗಿತು. ಕೋಶವನ್ನು ಕೆಣಕಿದ್ದು ಸ್ಲೈಡಿನ ಮೇಲಿನ ಚುಕ್ಕೆಯಲ್ಲ, ಗಾಜಿನ ಅಂಚಿನ ತೆಳ್ಳನೆಯ ನೆರಳು. ಆ ಗೆರೆ ಒಂದು ನಿರ್ದಿಷ್ಟ ಓರೆಯಲ್ಲಿ ಹಾದುಹೋದಾಗ ಮಾತ್ರ ಕೋಶ ಎಚ್ಚೆತ್ತುಕೊಳ್ಳುತ್ತಿತ್ತು. ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಮೆದುಳು ಮೊದಲು ಗೆರೆಗಳನ್ನು ಹಿಡಿದು, ಅವನ್ನು ಹಂತ ಹಂತವಾಗಿ ಕೂಡಿಸಿ ಆಕಾರ ಕಟ್ಟುತ್ತದೆ ಎಂಬ ಈ ತಿಳಿವಳಿಕೆಯನ್ನು ಕುನಿಹಿಕೊ ಫುಕುಶಿಮಾ 1980ರಲ್ಲಿ ಕಂಪ್ಯೂಟರಿಗೆ ಇಳಿಸಿದರು. ಅವರು ಕೆಲಸ ಮಾಡುತ್ತಿದ್ದುದು ಜಪಾನಿನ ರೇಡಿಯೊ, ಟಿ.ವಿ. ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸಂಶೋಧನಾಲಯದಲ್ಲಿ. ಮೈಕಿನ ಮುಂದೆ ಕುಳಿತು ಇದನ್ನು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಗುತ್ತದೆ. 2012ರಲ್ಲಿ ಕೆನಡಾದ ಟೊರಾಂಟೊದ ತಂಡವೊಂದು ಇದೇ ವಂಶದ ನರಜಾಲಕ್ಕೆ, ಅಂದರೆ ನರಕೋಶಗಳ ಮಾದರಿಯಲ್ಲಿ ಪದರ ಪದರವಾಗಿ ಲೆಕ್ಕ ಮಾಡುವ ಕಂಪ್ಯೂಟರ್ ವ್ಯವಸ್ಥೆಗೆ, ಸುಮಾರು 12 ಲಕ್ಷ ಚಿತ್ರಗಳನ್ನು ಉಣಿಸಿ 1000 ಬಗೆಯ ವಸ್ತುಗಳನ್ನು ಗುರುತಿಸಲು ಕಲಿಸಿತು. ಗೆರೆಗಳನ್ನು ಹುಡುಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಆದರೂ ಕಲಿತು ಮುಗಿದ ಮೇಲೆ ನೋಡಿದರೆ ಮೊದಲ ಪದರದಲ್ಲಿ ನಾನಾ ಓರೆಯ ಗೆರೆಗಳೇ ತುಂಬಿಕೊಂಡಿದ್ದವು.

ಹಾಗಾದರೆ ಯಂತ್ರವೂ ಥ್ಯಾಚರ್ ಭ್ರಮೆಗೆ ಬೀಳಬೇಕಲ್ಲವೆ? ಇದನ್ನು ಪರೀಕ್ಷಿಸಿ ನೋಡಿದವರು ಬೆಂಗಳೂರಿನಲ್ಲೇ ಇದ್ದಾರೆ. ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದ ಎಸ್. ಪಿ. ಅರುಣ್ ಮತ್ತು ಸಂಗಡಿಗರು 2021ರಲ್ಲಿ ಇದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಯಂತ್ರವನ್ನು ‘ನಿನಗೆ ಹೇಗೆ ಕಾಣುತ್ತದೆ’ ಎಂದು ಕೇಳುವಂತಿಲ್ಲ. ಆದರೆ ಅದರೊಳಗೆ ಹೊಕ್ಕ ಪ್ರತಿ ಚಿತ್ರವೂ ಅಂಕಿಗಳ ಒಂದು ಉದ್ದ ಸಾಲಾಗುತ್ತದೆ. ಎರಡು ಚಿತ್ರಗಳ ಸಾಲುಗಳ ನಡುವಿನ ಅಂತರವನ್ನು ಅಳೆದರೆ, ಯಂತ್ರಕ್ಕೆ ಅವೆರಡೂ ಎಷ್ಟು ಬೇರೆಯಾಗಿ ಕಂಡವು ಎಂಬುದು ಸಿಗುತ್ತದೆ. ಸಹಜ ಮುಖ ಮತ್ತು ಕೆಡಿಸಿದ ಮುಖದ ಅಂತರವನ್ನು ನೆಟ್ಟಗಿಟ್ಟು ಒಮ್ಮೆ, ತಲೆಕೆಳಗಾಗಿಟ್ಟು ಒಮ್ಮೆ ಅಳೆದರೆ ಆಯಿತು. ಈ ಅಳತೆಗೆ ನಾನು ಮಾರುಹೋಗಿದ್ದೇನೆ.

ನೆಟ್ಟಗಿನ ಮುಖಗಳನ್ನು ಗುರುತಿಸಲು ಕಲಿತ ಜಾಲ ನಮ್ಮ ಹಾಗೆಯೇ ಮೋಸ ಹೋಯಿತು. ಮಕ್ಕಳು ‘ಬಿ’, ‘ಡಿ’ ಎಂಬ ಇಂಗ್ಲಿಷ್ ಸಣ್ಣಕ್ಷರಗಳನ್ನು ಎಡಬಲ ಮಾಡಿ ಬರೆಯುತ್ತಾರಲ್ಲ, ಆ ಕನ್ನಡಿ ಗೊಂದಲವೂ ಯಂತ್ರಕ್ಕೆ ಅಂಟಿತ್ತು. ಗೇಣುದ್ದದ ಕೋಲು ಒಂದು ಬೆರಳು ಬೆಳೆದರೆ ನಮಗೆ ತಿಳಿಯುತ್ತದೆ, ಆಳುದ್ದದ ಕೋಲು ಅಷ್ಟೇ ಬೆಳೆದರೆ ತಿಳಿಯುವುದಿಲ್ಲ. ಯಂತ್ರದ್ದೂ ಇದೇ ಪಾಡು. ಇವನ್ನು ಯಾರೂ ಹೇಳಿಕೊಟ್ಟದ್ದಲ್ಲ, ವಸ್ತುಗಳನ್ನು ಗುರುತಿಸಲು ಕಲಿತದ್ದರ ಬೆನ್ನಿಗೇ ಬಂದವು.

ಆದರೆ ಕಂಬದ ಮರೆಯಲ್ಲಿ ನಿಂತ ಹಸುವಿನ ಅರ್ಧ ಮೈ ಕಂಡರೂ ನಮ್ಮ ಮನಸ್ಸು ಉಳಿದರ್ಧವನ್ನು ತುಂಬಿಕೊಳ್ಳುತ್ತದೆ. ಮರೆಯಾದುದನ್ನು ಹೀಗೆ ಅರಿಯುವ ಗುಣ ಯಂತ್ರದಲ್ಲಿ ಕಾಣಲಿಲ್ಲ. ಸಣ್ಣ ಚೌಕಗಳನ್ನು ಜೋಡಿಸಿ ದೊಡ್ಡ ವೃತ್ತ ಮಾಡಿದರೆ ನಮ್ಮ ಕಣ್ಣಿಗೆ ಮೊದಲು ಬೀಳುವುದು ವೃತ್ತ. ವಿಚಿತ್ರವೆಂದರೆ, ಏನನ್ನೂ ಕಲಿಯದ ಹಸಿ ಜಾಲಕ್ಕೆ ಈ ಗುಣವಿತ್ತು, ಕಲಿತ ಮೇಲೆ ಹೋಯಿತು! ಓದಿ ಕೆಟ್ಟರು ಎಂದು ನಮ್ಮ ಹಿರಿಯರು ಗೊಣಗುತ್ತಿದ್ದುದು ನೆನಪಾಗುತ್ತದೆ. ಜರ್ಮನಿಯ ಟ್ಯೂಬಿಂಗೆನ್ನಿನ ಸಂಶೋಧಕರು ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮ ಹೊದಿಸಿದ ಚಿತ್ರ ಮಾಡಿದಾಗಲೂ ಯಂತ್ರ ಅದನ್ನು ಆನೆಯೆಂದೇ ಹೇಳಿತ್ತು, ಅದೂ ಭಾರತದ ಆನೆ. ಜನರಿಗೆ ಕಂಡದ್ದು ಬೆಕ್ಕು.

ಎಲ್ಲಿ ದಾರಿ ಕವಲೊಡೆಯುತ್ತದೆ? ಒಂದು ಸುಳಿವು ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದಿಂದ ಬಂದಿದೆ. ಕೋತಿಗಳು ಸರಿಯಾಗಿ ಗುರುತಿಸಿದ, ಆದರೆ ಯಂತ್ರ ಎಡವಿದ ಚಿತ್ರಗಳನ್ನು ಕೋಹಿತಿಜ್ ಕರ್, ಜೇಮ್ಸ್ ಡಿಕಾರ್ಲೊ ಮತ್ತು ಜೊತೆಗಾರರು ಆರಿಸಿ ತೆಗೆದರು. ಉಳಿದ ಚಿತ್ರಗಳಿಗಿಂತ ಇವುಗಳಿಗೆ ಕೋತಿಯ ಮೆದುಳು ಸುಮಾರು 30 ಮಿಲಿಸೆಕೆಂಡು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿತ್ತು. ಕಣ್ಣಿನಿಂದ ಬಂದ ಸುದ್ದಿ ಯಂತ್ರದಲ್ಲಿ ಮುಂದಕ್ಕಷ್ಟೇ ಹರಿಯುತ್ತದೆ, ಮೆದುಳಿನಲ್ಲಿ ಮೇಲಿನ ಹಂತಗಳು ಕೆಳಗಿನವಕ್ಕೆ ಮರಳಿ ಮಾತು ಕಳಿಸುತ್ತವೆ. 2021ರಲ್ಲಿ ಅವರು ಕೋತಿಯ ಮೆದುಳಿನ ಮುಂಭಾಗದ ಒಂದು ಪ್ರದೇಶವನ್ನು ಔಷಧಿಯಿಂದ ಸ್ವಲ್ಪ ಹೊತ್ತು ಸುಮ್ಮನಾಗಿಸಿದಾಗ, ಕೋತಿ ಹೆಚ್ಚು ತಡವರಿಸಿದ್ದು ಆ ಕಷ್ಟದ ಚಿತ್ರಗಳಲ್ಲೇ. ಹೀಗೆ ಹಿಂದಕ್ಕೂ ಮಾತು ಕಳಿಸುವ ಜಾಲಗಳನ್ನು ಕಟ್ಟುವ ಕೆಲಸ ಈಗಾಗಲೇ ನಡೆದಿದೆ. ಅವಕ್ಕೂ ಕಂಬದ ಮರೆಯ ಹಸುವನ್ನು ತೋರಿಸಿ, ಅಂಕಿಗಳ ಅಂತರ ಅಳೆಯಬೇಕು.

ನಮಸ್ಕಾರ.