ಬಜ್ಪೆಯ ಗುಡ್ಡಕ್ಕೂ ಒಂದು ಮ್ಯೂಸಿಯಂ ಬೇಕು

1951.

ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನ ಫೋಟೋ ಹಾಲ್‌ನಲ್ಲಿ ಆ ಇಸವಿ ಕಂಡದ್ದೇ ನನ್ನ ಅಪ್ಪ ಅಲ್ಲೇ ನಿಂತುಬಿಟ್ಟರು. ಮಕ್ಕಳಿಬ್ಬರೂ ಮುಂದೆ ಓಡಿಯಾಗಿತ್ತು. ನನ್ನ ಗಂಡನಿಗೆ ಹೊರಗೆ ನಿಂತಿರುವ ಮಿಗ್ ಯುದ್ಧವಿಮಾನ ನೋಡುವ ಅವಸರ. "ಅಪ್ಪಾ, ಬನ್ನಿ" ಅಂದೆ. ಅಪ್ಪ ಕದಲಲಿಲ್ಲ. "ಬಜ್ಪೆಗೆ ನೆಹರೂ ಬಂದದ್ದೂ ಇದೇ ವರ್ಷ ಅಲ್ವಾ?" ಅಂತ ಕೇಳಿದರು.

ಹೌದು, ಅದೇ ವರ್ಷ. 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಎಚ್‌ಟಿ-2 ಮೊದಲ ಸಲ ಹಾರಿತು. ಡಾ. ವಿ. ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ, ಇಬ್ಬರು ಕೂರುವ ಪುಟ್ಟ ತರಬೇತಿ ವಿಮಾನ ಅದು. ಅದೇ ವರ್ಷ ಡಿಸೆಂಬರ್ 25ಕ್ಕೆ ನೆಹರೂ ಡಕೋಟಾ ವಿಮಾನದಲ್ಲಿ ಬಂದು ಬಜ್ಪೆಯಲ್ಲಿ ಇಳಿದರು, ನಮ್ಮ ಮಂಗಳೂರಿನ ವಿಮಾನ ನಿಲ್ದಾಣ ಶುರುವಾಯಿತು. ಅಪ್ಪನಿಗೆ ಆಗ ಏಳು ವರ್ಷ. ಅವರ ತಂದೆ ಅವರನ್ನು ಅರ್ಧ ದಾರಿ ನಡೆಸಿ, ಅರ್ಧ ದಾರಿ ಹೆಗಲ ಮೇಲೆ ಕೂರಿಸಿ ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದರಂತೆ. ನೆಹರೂ ಮುಖ ನೆನಪಿಲ್ಲ, ಧೂಳು ನೆನಪುಂಟು ಅಂದರು. ಜನ ಎಲ್ಲ ಕಣ್ಣು ಮುಚ್ಚಿಕೊಂಡಿದ್ದರಂತೆ, ಇವರೊಬ್ಬರು ತೆರೆದೇ ಇಟ್ಟಿದ್ದರಂತೆ.

ನಾನು ಅವರ ಮಗಳು. ನಲವತ್ತು ದಾಟಿದೆ. ಈ ಕಥೆ ಕೇಳಿದ್ದು ಅವತ್ತೇ ಮೊದಲು.

ನಮಸ್ಕಾರ. ಮಂಗಳೂರಿನಲ್ಲಿ ಕೂತು ಮಾತಾಡುತ್ತಿದ್ದೇನೆ. ಆ ಮಧ್ಯಾಹ್ನದಿಂದ ತಲೆಯಲ್ಲಿ ಕೂತಿರುವ ಒಂದು ಮಾತನ್ನು ಇವತ್ತು ನಿಮ್ಮ ಮುಂದೆ ಇಡಬೇಕು.

ನಾವು ಹೋದದ್ದು ಮಕ್ಕಳ ರಜೆಗೆ. ರಾತ್ರಿ ಬಸ್ಸು, ಶಿರಾಡಿ ಘಾಟಿ, ಬೆಳಿಗ್ಗೆ ನನ್ನ ತಂಗಿಯ ಮನೆ. ಅವಳ ಮನೆ ಸುರಂಜನ್ ದಾಸ್ ರಸ್ತೆಯ ಹತ್ತಿರ. ಮ್ಯೂಸಿಯಂ ಅಲ್ಲಿಂದ ದೂರ ಇಲ್ಲ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾರತ್ತಹಳ್ಳಿ ಕಡೆಗೆ ಹೋದರೆ ಸಿಗುತ್ತದೆ. 2001ರಲ್ಲಿ ಶುರುವಾದದ್ದು. ಒಳಗೆ ಫೋಟೋಗಳು, ಎಂಜಿನ್‌ಗಳು. ಹೊರಗೆ ಮರಗಳ ನೆರಳಿನಲ್ಲಿ ನಿಜವಾದ ವಿಮಾನಗಳು.

ತಂಗಿಯ ಮನೆ ಹತ್ತಿರದ ಆ ರಸ್ತೆಯ ಹೆಸರು ಯಾರದ್ದು ಅಂತ ನನ್ನ ದೊಡ್ಡ ಮಗನಿಗೆ ಗೊತ್ತಾದದ್ದು ಮಾರುತ್ ವಿಮಾನದ ಎದುರು. ಎಚ್‌ಎಫ್-24 ಮಾರುತ್, ಭಾರತ ತಾನೇ ಕಟ್ಟಿದ ಮೊದಲ ಜೆಟ್ ಯುದ್ಧವಿಮಾನ. ಇದನ್ನು ವಿನ್ಯಾಸ ಮಾಡಲು 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬಂದರು, ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ವಿಮಾನದ ಹಿಂದಿದ್ದ ಎಂಜಿನಿಯರ್. ಲೋಹಕ್ಕೆ ಕೈ ಹಾಕುವ ಮೊದಲು ಅದೇ ಆಕಾರದ, ಅದೇ ಗಾತ್ರದ ಮರದ ಗ್ಲೈಡರ್ ಮಾಡಿ, 1959ರಲ್ಲಿ ಅದನ್ನು ಒಂದು ಡಕೋಟಾದ ಹಿಂದೆ ಕಟ್ಟಿ ಎಳೆಸಿ ಆಕಾಶಕ್ಕೇರಿಸಿ ಪರೀಕ್ಷೆ ಮಾಡಿದರು. ಬಜ್ಪೆಗೆ ಬಂದಂಥದ್ದೇ ಡಕೋಟಾ, ಇಲ್ಲಿ ಹಗ್ಗ ಕಟ್ಟಿಸಿಕೊಂಡು ಕೆಲಸ ಮಾಡಿದೆ. 1961ರ ಜೂನ್ 17ಕ್ಕೆ ನಿಜವಾದ ಮಾರುತ್ ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿ 10ರಂದು ಅವರು ಜೀವ ಬಿಟ್ಟದ್ದೂ ಮಾರುತ್‌ನ ಪರೀಕ್ಷಾ ಹಾರಾಟದಲ್ಲೇ.

ಮಗ ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಹಾಗಾದರೆ ಈ ವಿಮಾನ ಸರಿ ಇರಲಿಲ್ವಾ?"

ಆ ಪ್ರಶ್ನೆಗಾಗಿಯೇ ಮ್ಯೂಸಿಯಂ ಇರುವುದು ಅನ್ನಿಸಿತು ನನಗೆ. ಮಾರುತ್‌ನ ದೇಹ ತುಂಬಾ ಒಳ್ಳೆಯದಿತ್ತು, ಎಂಜಿನ್‌ಗೆ ಶಕ್ತಿ ಸಾಲಲಿಲ್ಲ. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬೇಕು ಅಂತ ಕನಸು ಕಂಡು ಕಟ್ಟಿದ ವಿಮಾನಕ್ಕೆ ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ದಾಟಲು ಆಗಲಿಲ್ಲ. ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ. ಆದರೂ 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು, 1990ರ ಹೊತ್ತಿಗೆ ನಿವೃತ್ತಿಯಾದವು. ಹತ್ತು ವರ್ಷದ ಹುಡುಗನಿಗೆ ಇದನ್ನೆಲ್ಲ ಮನೆಯಲ್ಲಿ ಕೂತು ಹೇಳಿದ್ದರೆ ಎರಡು ನಿಮಿಷ ಕೇಳುತ್ತಿದ್ದನೋ ಇಲ್ಲವೋ. ವಿಮಾನದ ಮೂತಿಯ ಕೆಳಗೆ ನಿಂತು ಅರ್ಧ ಗಂಟೆ ಕೇಳಿದ. ಚಿಕ್ಕವಳಿಗೆ ಮಾತ್ರ ಒಂದೇ ಬೇಜಾರು, ಎಲ್ಲಿ ಹೋದರೂ "ಮುಟ್ಟಬೇಡ" ಅಂತ ನಾವು ಹೇಳುತ್ತಿದ್ದೆವಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಇನ್ನಷ್ಟು ಬಿಚ್ಚಿದರು. 1979ರಲ್ಲಿ ಬಹ್ರೇನ್‌ಗೆ ಹೋದದ್ದು. ಹೋದದ್ದು ಅಂದರೆ ಹೇಗೆ? ಮಂಗಳೂರಿನಿಂದ ಗಲ್ಫ್‌ಗೆ ವಿಮಾನ ಎಲ್ಲಿತ್ತು ಆಗ! ಬಸ್ಸಿನಲ್ಲಿ ಬೊಂಬಾಯಿ. ಅಲ್ಲಿ ಪರಿಚಯದವರ ಖೋಲಿಯಲ್ಲಿ ಹದಿನೆಂಟು ದಿನ ಕಾದದ್ದು, ವೀಸಾ ಬರುವ ತನಕ. ಆ ಖೋಲಿಯಲ್ಲಿ ಹನ್ನೊಂದು ಮಂದಿ, ಎಲ್ಲ ನಮ್ಮ ಕಡೆಯವರೇ, ಪಾಳಿ ಹಾಕಿಕೊಂಡು ಮಲಗುತ್ತಿದ್ದರಂತೆ. ವಿಮಾನದಲ್ಲಿ ಸೀಟ್‌ಬೆಲ್ಟ್ ಬಿಚ್ಚಲು ಬಾರದೆ ಪಕ್ಕದವರನ್ನು ಕೇಳಿದ್ದು, ಆ ಪಕ್ಕದವರಿಗೂ ಬಾರದೆ ಇಬ್ಬರೂ ಹಾಗೆಯೇ ಕೂತಿದ್ದು. ಇಪ್ಪತ್ತನಾಲ್ಕು ವರ್ಷ ಹೀಗೆ ಹೋಗಿ ಬಂದರು. 2003ರಲ್ಲಿ ಪೂರ್ತಿಯಾಗಿ ಊರಿಗೆ ಬಂದಾಗಲೂ ಬೊಂಬಾಯಿ ಮೇಲೆಯೇ ಬಂದರು. ಬಜ್ಪೆಯಿಂದ ಗಲ್ಫ್‌ಗೆ ವಿಮಾನ ಶುರುವಾದದ್ದು 2006ರಲ್ಲಿ. ಬಹ್ರೇನ್‌ನಿಂದ ನೇರವಾಗಿ ತನ್ನೂರಿನ ಗುಡ್ಡದ ಮೇಲೆ ಇಳಿಯುವ ಭಾಗ್ಯ ಅವರಿಗೆ ಒಂದು ಸಲವೂ ಬರಲಿಲ್ಲ.

ಇದು ಎಚ್‌ಎಎಲ್ ಮ್ಯೂಸಿಯಂನಲ್ಲಿ ಇಲ್ಲ. ಇರಬೇಕಾಗಿಯೂ ಇಲ್ಲ. ಅದು ವಿಮಾನ ಕಟ್ಟಿದವರ ಮನೆ, 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಶುರು ಮಾಡಿದ ಕಾರ್ಖಾನೆಯ ಕಥೆ. ಅವರ ಕಥೆಯನ್ನು ಅವರು ಚೆಂದ ಮಾಡಿ ಹೇಳಿದ್ದಾರೆ. ನಾನು ಕೇಳುವುದು ನಮ್ಮದು ಎಲ್ಲುಂಟು ಅಂತ.

ಕಾರವಾರ ನೋಡಿ. ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ ಟುಪೊಲೆವ್-142 ವಿಮಾನ ನಿಂತಿದೆ. 1988ರಿಂದ 2017ರ ತನಕ ನಮ್ಮ ಸಮುದ್ರ ಕಾದ ದೈತ್ಯ, ನಾಲ್ಕು ಎಂಜಿನ್, ಒಂದೊಂದಕ್ಕೂ ಎದುರುಬದಿರು ತಿರುಗುವ ಎರಡೆರಡು ಪ್ರೊಪೆಲ್ಲರ್. ಕಾರವಾರಕ್ಕೆ ಆದದ್ದು ಮಂಗಳೂರಿಗೆ ಯಾಕೆ ಆಗಬಾರದು ಮಾರಾಯ್ರೆ? ನಮ್ಮ ಮನೆಮನೆಯಲ್ಲಿ ವಿಮಾನದ ಚರಿತ್ರೆ ಉಂಟು. ಅಟ್ಟದ ಮೇಲೆ ಹಗ್ಗ ಬಿಗಿದ ಗಲ್ಫ್ ಪೆಟ್ಟಿಗೆ, ಅದರ ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರು, "ಮ್ಯಾಂಗಲೋರ್ ವಯಾ ಬಾಂಬೆ". ಕಾಗದ ಬರೆಯಲು ಬಾರದ ಅಮ್ಮಂದಿರಿಗೆ ಮಾತು ತುಂಬಿಸಿ ಕಳಿಸಿದ ಕ್ಯಾಸೆಟ್‌ಗಳು. ಸೀಲು ತುಂಬಿದ ಪಾಸ್‌ಪೋರ್ಟ್‌ಗಳು. ಮೊದಲು ಹೋದವರಿಗೆ ಈಗ ಎಂಬತ್ತರ ಆಸುಪಾಸು. ಇನ್ನು ಹತ್ತು ವರ್ಷ ಕಳೆದರೆ ಆ ಪೆಟ್ಟಿಗೆಯಲ್ಲಿ ಏನು ತಂದಿರಿ ಅಂತ ಯಾರನ್ನು ಕೇಳುವುದು?

ಜಾಗವನ್ನೂ ಹೇಳಿಬಿಡುತ್ತೇನೆ. ಮಂಗಳೂರಿನ ಪಿಲಿಕುಳ. ಅಲ್ಲಿ ವಿಜ್ಞಾನ ಕೇಂದ್ರ ಉಂಟು, ತಾರಾಲಯ ಉಂಟು, ಶಾಲೆಯ ಮಕ್ಕಳು ಹೇಗೂ ಬಸ್ಸು ತುಂಬಾ ಬರುತ್ತಾರೆ. ದೊಡ್ಡ ಕಟ್ಟಡ ಬೇಡ. ಎರಡು ಕೋಣೆ ಸಾಕು. ಒಂದರಲ್ಲಿ ಗುಡ್ಡದ ಮಾದರಿ ಇಡಿ. 1,615 ಮೀಟರಿನ ಹಳೆಯ ರನ್‌ವೇ, 2006ರಲ್ಲಿ ಬಳಕೆಗೆ ಬಂದ 2,450 ಮೀಟರಿನ ಹೊಸದು, ಎರಡರ ಸುತ್ತಲಿನ ಕಣಿವೆ. ಗುಡ್ಡದ ನೆತ್ತಿಯಲ್ಲಿ ಮೇಜಿನ ಹಾಗೆ ಚಪ್ಪಟೆಯಾಗಿರುವ ಇಂಥ ನಿಲ್ದಾಣವನ್ನು ಟೇಬಲ್‌ಟಾಪ್ ಅಂತ ನಾವೆಲ್ಲ ಬಾಯಲ್ಲಿ ಹೇಳುತ್ತೇವೆ, ಆದರೆ ನಮ್ಮ ಮಕ್ಕಳಿಗೆ ಅದರ ಅರ್ಥ ಕೈಯಿಂದ ಮುಟ್ಟಿ ಗೊತ್ತಾಗಲಿ. ಇನ್ನೊಂದರಲ್ಲಿ ಗಲ್ಫ್ ಪೆಟ್ಟಿಗೆಗಳು.

ಮತ್ತೆ 2010ರ ಮೇ 22.

ಇದನ್ನು ಬಿಟ್ಟು ಮಂಗಳೂರಿನ ವಿಮಾನದ ಚರಿತ್ರೆ ಹೇಳಲಿಕ್ಕೆ ಆಗುವುದಿಲ್ಲ. ಶನಿವಾರ ಬೆಳಿಗ್ಗೆ ಆರು ಗಂಟೆ ದಾಟಿತ್ತಷ್ಟೆ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗೆ 166 ಜನ. 158 ಮಂದಿ ಹೋದರು, ಎಂಟು ಮಂದಿ ಉಳಿದರು. ನಮ್ಮ ಬೀದಿಯಲ್ಲೇ ಒಂದು ಮನೆಯವರು ಏರ್‌ಪೋರ್ಟಿಗೆ ಕರೆದುಕೊಂಡು ಬರಲು ಹೋದವರು ಮಧ್ಯಾಹ್ನ ವೆನ್ಲಾಕ್ ಆಸ್ಪತ್ರೆಯ ಶವಾಗಾರದ ಮುಂದೆ ನಿಂತಿದ್ದರು. ಆ ದಿನದ ಹೊಗೆ ನೋಡಿದ ಯಾರೂ ಅದನ್ನು ಮರೆಯುವುದಿಲ್ಲ.

ಕೂಳೂರು ಬಳಿ ಫಲ್ಗುಣಿ ನದಿಯ ದಡದಲ್ಲಿ ಅವರ ಸ್ಮಾರಕ ಉಂಟು, ಪ್ರತಿ ವರ್ಷ ಹೂ ಇಡುತ್ತಾರೆ. ಹೂ ಇಡಲೇಬೇಕು. ಅದರ ಜತೆಗೆ ಯಾಕೆ ಹಾಗಾಯಿತು ಅಂತಲೂ ನಮ್ಮ ಮಕ್ಕಳಿಗೆ ಯಾರಾದರೂ ಹೇಳಬೇಕು. ತನಿಖೆಯ ವರದಿಯಲ್ಲಿ ಸ್ಪಷ್ಟವಾಗಿ ಉಂಟು. ವಿಮಾನ ಇಳಿಯಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿ ಬಂತು. ಎಂಟು ಸಾವಿರ ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು, ಉಳಿದದ್ದು 2,800 ಅಡಿ. ಅದಕ್ಕೂ ಮೊದಲೇ ಸಹಪೈಲಟ್ ಮೂರು ಸಲ "ಗೋ ಅರೌಂಡ್" ಅಂದಿದ್ದರು. ಅಂದರೆ, ಇಳಿಯುವುದು ಬಿಡಿ, ಮತ್ತೆ ಮೇಲೇರಿ ಒಂದು ಸುತ್ತು ಬಂದು ಪುನಃ ನೋಡುವ ಅಂತ. ಮೂರು ಸಲ! ಆ ಮಾತನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಹಿಂಡಿದ ಹಾಗಾಗುತ್ತದೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಗೊತ್ತುಂಟಾ? ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮ ಬರುತ್ತಿದ್ದ ವಿಮಾನ ಬಜ್ಪೆಯ ಮೇಲೆ ಎರಡು ಸುತ್ತು ಹಾಕಿ, ಇಳಿಯದೆ ಬೆಂಗಳೂರಿಗೆ ಹೋಯಿತು. ಒಳಗಿದ್ದವರೆಲ್ಲ ಸಿಟ್ಟು, ಜಗಳ, ಕೂಗಾಟ. ಚಿಕ್ಕಮ್ಮನಿಗೂ ಸಿಟ್ಟು. ಪೈಲಟ್‌ಗೆ ಇಳಿಸಲು ಬರುವುದಿಲ್ಲ ಅಂತ ಬೈದವರೂ ಇದ್ದರಂತೆ. ಆ ಪೈಲಟ್ ಮಾಡಿದ್ದೇ ಸರಿ. 2010ರಲ್ಲಿ ಆಗದೇ ಹೋದದ್ದನ್ನು ಅವರು ಮಾಡಿದರು. ಟೇಬಲ್‌ಟಾಪ್ ಊರಿನ ಜನರಾದ ನಮಗೆ ಇದು ಗೊತ್ತಿರಬೇಡವೇ? ಪಿಲಿಕುಳದ ಆ ಮಾದರಿಯ ಎದುರು ಐದು ನಿಮಿಷ ನಿಂತ ಮಗು ದೊಡ್ಡದಾದ ಮೇಲೆ ವಿಮಾನದಲ್ಲಿ ಕೂತು ಪೈಲಟ್‌ಗೆ ಬೈಯುವುದಿಲ್ಲ, ಕೈ ಮುಗಿಯುತ್ತದೆ.

ಊರಿಗೆ ವಾಪಸು ಬಂದ ಮರುದಿನ ಅಟ್ಟದಿಂದ ಅಪ್ಪನ ಪೆಟ್ಟಿಗೆ ಕೆಳಗಿಳಿಸಿದೆವು. ಇಬ್ಬರು ಹಿಡಿಯಬೇಕಾಯಿತು. ಒಳಗೆ ಹಳೆಯ ಪಾಸ್‌ಪೋರ್ಟ್ ಮೂರು, ಒಂದು ಟೇಪ್‌ರೆಕಾರ್ಡರ್, ಅಮ್ಮನಿಗೆ ತಂದ ಸೆಂಟಿನ ಖಾಲಿ ಬಾಟಲಿ. ಮುಚ್ಚಳ ತೆಗೆದರೆ ವಾಸನೆ ಇನ್ನೂ ಸ್ವಲ್ಪ ಉಂಟು. ಅಮ್ಮ ಹೋಗಿ ಆರು ವರ್ಷ ಆಯಿತು. ಅಪ್ಪ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಕೂತರು. ಚಿಕ್ಕವಳು ಒಂದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿದಳು: "ಅಜ್ಜನ ಪೆಟ್ಟಿಗೆ. ಬಹ್ರೇನ್, 1979. ಮುಟ್ಟಬಹುದು."

ನಾನು ಈಗ ಅಪ್ಪನ ಮಾತನ್ನು ದಿನಕ್ಕೆ ಅರ್ಧ ಗಂಟೆ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಯಾರಾದರೂ ಇದ್ದರೆ ಇವತ್ತೇ ಕೂತುಕೊಳ್ಳಿ. ಬೊಂಬಾಯಿಯ ಖೋಲಿ ಎಲ್ಲಿತ್ತು, ಜತೆಗೆ ಯಾರಿದ್ದರು, ಟಿಕೆಟ್‌ಗೆ ದುಡ್ಡು ಎಲ್ಲಿಂದ ತಂದಿರಿ ಅಂತ ಕೇಳಿ. ಬಜ್ಪೆಯ ಹಳೆಯ ಕಟ್ಟಡದ ಮುಂದೆ ತೆಗೆದ ಫೋಟೋ ಇದ್ದರೆ ಅದರ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಹೆಸರು ಮತ್ತು ಇಸವಿ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಹಾಯುತ್ತದೆ.