ಮೊದಲು ಕೈಗಳನ್ನು ನೋಡಿ

ಕೇಳುಗರಿಗೆ ನಮಸ್ಕಾರ. ನಿಮ್ಮ ಕಣ್ಣೆದುರಿಗೆ ಇಲ್ಲದ ಚಿತ್ರವೊಂದರ ಬಗ್ಗೆ ಮಾತನಾಡಬೇಕಾಗಿರುವುದರಿಂದ, ಮೊದಲಿಗೆ ನಿಮ್ಮಿಂದ ಒಂದು ಸಣ್ಣ ಸಹಾಯ ಬೇಕು. ಕುರ್ಚಿಯಲ್ಲಿ ತುಸು ಮುಂದಕ್ಕೆ ಸರಿದು, ಮೊಣಕೈಗಳನ್ನು ಅಗಲಿಸಿ, ಎರಡೂ ಕೈಗಳನ್ನು ತೊಡೆಗಳ ಮೇಲೆ ಭದ್ರವಾಗಿ ಊರಿಕೊಳ್ಳಿ. ಎದುರಿಗಿರುವವನ ವಾದ ಮುಗಿಯಲೆಂದು ಕಾಯುತ್ತಿರುವ, ಮುಗಿದ ಕೂಡಲೇ ಅದನ್ನು ಪುಡಿಗಟ್ಟಲು ಸಿದ್ಧನಾಗಿರುವ ಮನುಷ್ಯ ಹೀಗೆ ಕೂರುತ್ತಾನೆ. ಫ್ರೆಂಚ್ ಕಲಾವಿದ ಆಂಗ್ರ್ 1832ರಲ್ಲಿ ಬರೆದ ‘ಮೊಸ್ಯೋ ಬೆರ್ತ್ಯಾಂ’ ಎಂಬ ತೈಲಚಿತ್ರದ ಭಂಗಿ ಇದೇ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಆ ಚಿತ್ರದ ಮುಂದೆ ನಿಂತವರು ಮುಖ ನೋಡಿ, ‘ಜೀವ ಬಂದ ಹಾಗಿದೆ’ ಎಂದು ಹೇಳಿ ಮುಂದಿನ ಗೋಡೆಗೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಕೈಗಳನ್ನು ನೋಡಿ.

ಲೂಯಿ ಫ್ರಾಂಸ್ವಾ ಬೆರ್ತ್ಯಾಂ ‘ಜುರ್ನಾಲ್ ದೆ ದೆಬಾ’ ಎಂಬ ಪ್ರಭಾವಶಾಲಿ ಪತ್ರಿಕೆಯ ಒಡೆಯ. ನೆಪೋಲಿಯನ್ನನ ಕಾಲದಲ್ಲಿ ಗಡೀಪಾರಾಗಿ, ಪತ್ರಿಕೆಯನ್ನೂ ಕಳೆದುಕೊಂಡು, ಮುಂದೆ ಅದನ್ನು ಮರಳಿ ಪಡೆದ ಗಟ್ಟಿಗ. ಚಿತ್ರಕ್ಕೆ ಕೂರುವ ಹೊತ್ತಿಗೆ ಅವನಿಗೆ ಅರವತ್ತೈದು ತುಂಬಿತ್ತು. ಆಂಗ್ರ್‌ಗೆ ಭಾವಚಿತ್ರದ ಕೆಲಸವೆಂದರೆ ಅಸಮಾಧಾನ. ತಾನು ಪುರಾಣ, ಇತಿಹಾಸಗಳ ಚಿತ್ರಗಳನ್ನು ಬರೆಯಬೇಕಾದವನು ಎಂಬ ಹಟ ಅವನದು.

ಆತ ಮೊದಲು ಬೆರ್ತ್ಯಾಂನನ್ನು ನಿಲ್ಲಿಸಿ ರೇಖಾಚಿತ್ರ ಬರೆದ. ಒಪ್ಪಿಗೆಯಾಗಲಿಲ್ಲ. ಅಳಿಸಿದ, ಮತ್ತೆ ಬರೆದ, ಅದೂ ಒಪ್ಪಿಗೆಯಾಗಲಿಲ್ಲ. ಕೊನೆಗೊಂದು ದಿನ ತಡೆಯಲಾರದೆ ಅತ್ತೇಬಿಟ್ಟನಂತೆ. ಆಗ, ಬೇಸರಪಡಬೇಕಾಗಿದ್ದ ಮುದುಕನೇ ಚಿತ್ರಕಾರನನ್ನು ಸಂತೈಸಿ, ಅವಸರವೇನಿಲ್ಲ, ಹೊಸದಾಗಿ ಶುರುಮಾಡುವುದಾದರೆ ಮಾಡಿ, ಕರೆದಾಗಲೆಲ್ಲ ಬರುತ್ತೇನೆ ಎಂದನಂತೆ. ಹೀಗಿರುವಾಗ ಒಂದು ದಿನ ಬೆರ್ತ್ಯಾಂನ ಮನೆಯಲ್ಲಿ ರಾಜಕೀಯದ ಚರ್ಚೆ ಕಾವೇರಿತು. ಮಕ್ಕಳು ತಂದೆಯ ಮಾತಿಗೆ ಎದುರು ವಾದಿಸುತ್ತಿದ್ದರೆ, ತಂದೆ ಕೈಗಳನ್ನು ತೊಡೆಗೂರಿ, ಅವರು ಹೇಳಿ ಮುಗಿಸಲೆಂದು ಕಾಯುತ್ತ ಕುಳಿತಿದ್ದ. ಆಂಗ್ರ್ ಅದನ್ನು ಕಂಡ. ‘ನಾಳೆ ಬನ್ನಿ, ನಿಮ್ಮ ಚಿತ್ರ ಮುಗಿಯಿತು’ ಎಂದುಬಿಟ್ಟನಂತೆ! ಈ ಕತೆಯನ್ನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನಾನೇ ಆ ಭಂಗಿಗೆ ಬಂದುಬಿಡುತ್ತೇನೆ. ಈಗ ಮೈಕಿನ ಮುಂದೆಯೂ ಹಾಗೆಯೇ ಕುಳಿತಿದ್ದೇನೆ. ಮುಖವೇನೋ ಮೊದಲ ದಿನದಿಂದಲೂ ಆಂಗ್ರ್‌ನ ಎದುರಿಗೇ ಇತ್ತು. ಸಿಗದೆ ಕಾಡಿಸಿದ್ದು ಆ ಕೈಗಳ ಜಾಗ.

ಆ ಕೈಗಳಾದರೂ ಚೆಂದವಾಗಿವೆಯೇ ಎಂದರೆ, ಇಲ್ಲ. ಬೆರಳುಗಳು ದಪ್ಪ, ಅಗಲವಾಗಿ ಹರಡಿಕೊಂಡಿವೆ. ಹಕ್ಕಿಯ ಉಗುರುಗಳಂತೆ ತೊಡೆಯನ್ನು ಹಿಡಿದಿವೆ. 1833ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಚಿತ್ರ ಹೆಸರು ಮಾಡಿತು, ಆದರೆ ಎಲ್ಲರೂ ಮೆಚ್ಚಲಿಲ್ಲ. ‘ನನ್ನ ತಂದೆ ದೊಡ್ಡ ಪ್ರಭುವಿನಂತಿದ್ದರು, ಅವರನ್ನು ಆಂಗ್ರ್ ದಪ್ಪನೆಯ ಬೇಸಾಯಗಾರನನ್ನಾಗಿ ಮಾಡಿದ್ದಾನೆ’ ಎಂದು ಬೆರ್ತ್ಯಾಂನ ಮಗಳು ಲೂಯಿಸ್ ಬೇಸರಪಟ್ಟಳಂತೆ. ಅವಳ ದೂರು ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಪ್ರಭುವಿನ ಬಿಳಿಯ, ಕೆಲಸ ಕಾಣದ ಕೈಗಳನ್ನು ಬರೆದಿದ್ದರೆ ಪತ್ರಿಕೆಯನ್ನು ಕಟ್ಟಿ, ಕಳೆದುಕೊಂಡು, ಮತ್ತೆ ಕಟ್ಟಿದ ಮನುಷ್ಯ ಎಲ್ಲಿ ಕಾಣುತ್ತಿದ್ದ?

ಕತೆ ಹೇಳುತ್ತ ಸಮಯ ಹೋಯಿತು, ಬಣ್ಣದ ಬಗ್ಗೆ ಹೇಳಬೇಕಾದ್ದನ್ನು ಮೊಟಕುಗೊಳಿಸುತ್ತೇನೆ. ಆಂಗ್ರ್ ಇಲ್ಲಿ ಬಣ್ಣಗಳನ್ನು ಬಹಳ ಕಡಿಮೆ ಮಾಡಿದ್ದಾನೆ: ಕಪ್ಪು ಕೋಟು, ಕಂದು ಛಾಯೆಯ ವೇಸ್ಟ್‌ಕೋಟು, ಹಿಂದೆ ಹೊನ್ನಿನ ಮಬ್ಬುಗೋಡೆ, ಕತ್ತಿನ ಬಳಿ ಬಿಳಿಯ ಕೊರಳಪಟ್ಟಿ. ಕುಂಚದ ಗೆರೆಗಳು ಕಾಣದ ಹಾಗೆ ಮೇಲ್ಮೈಯನ್ನು ನುಣುಪಾಗಿಸಿರುವುದರಿಂದ, ಕಣ್ಣು ಎಲ್ಲಿಯೂ ತೊಡರದೆ ನೇರವಾಗಿ ಮುಖಕ್ಕೆ, ಅಲ್ಲಿಂದ ಕೈಗಳಿಗೆ ಇಳಿಯುತ್ತದೆ. ಪಿಕಾಸೊ 1906ರಲ್ಲಿ ಮುಗಿಸಿದ, ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಭಾವಚಿತ್ರದ ಭಾರವಾದ ಮೈಯಲ್ಲಿ ಬೆರ್ತ್ಯಾಂನ ನೆರಳನ್ನು ಅನೇಕರು ಗುರುತಿಸಿದ್ದಾರೆ. ಅದು ಇನ್ನೊಂದು ದಿನದ ಮಾತು.

ಕೈಗಳನ್ನು ನೋಡಿಯಾದ ಮೇಲೆ, ಚಿತ್ರದ ಪ್ರತಿ ಸಿಕ್ಕರೆ, ಕುರ್ಚಿಯ ದುಂಡನೆಯ ಮರದ ತೋಳನ್ನು ಹತ್ತಿರದಿಂದ ಗಮನಿಸಿ. ಅದರ ಹೊಳಪಿನಲ್ಲಿ ಚಿತ್ರದಾಚೆಗಿನ ಒಂದು ಕಿಟಕಿ ಪುಟ್ಟದಾಗಿ ಪ್ರತಿಫಲಿಸುತ್ತಿದೆ. ನಮಸ್ಕಾರ.